ಏಳು ಹೆಬ್ಬೆಟ್ಟಿನ ಅರ್ಜಿ

"ಬಿಡ್ರಿ ಆಕಿ ಕೈ!"

ನರ್ಸ್ ಶಿವಗಂಗಾ ಹೊಸ್ತಿಲದಾಗೇ ನಿಂತು ಚೀರಿದಳು. ಹಾಸಿಗಿ ಹಿಡಿದವರ ಮನಿಮನಿಗೆ ತಿರುಗಿ ಆರೈಕಿ ಮಾಡೂದು ಆಕಿ ಕೆಲಸ.

ದಂಡೋತಿಯ ಗುರುದೇವಿ ಮುದುಕಿಗೆ ಕ್ಯಾನ್ಸರ್. ಮಟಮಟ ಮಧ್ಯಾಹ್ನ ಓಣಿ ತುಂಬ ಟಿವಿ ಜೋರಾಗಿ ಹಚ್ಚಿದ್ರು. ಹಾಡು ಕೇಳಾಕ ಅಲ್ಲ... ಮುದುಕಿ ನರಳೂದು ಕಿವಿಗೆ ಬೀಳಬಾರದಂತ! ಅಷ್ಟು ಗದ್ದಲದಾಗೂ ಆ ದನಿ ಗ್ವಾಡಿ ದಾಟಿ ಬರತಿತ್ತು. ಅದು ಮನುಷ್ಯರ ದನಿ ಅನಸ್ತಿರಲಿಲ್ಲ.

ಮಂಚದ ಬಾಜೂಕ ಗುರುತಿಲ್ಲದ ಗಂಡಸು. ಮುದುಕಿಯ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಕಾಗದಕ್ಕ ಒತ್ತಿಸಿಕೊಳ್ಳಾಕತ್ತಿದ್ದ.

ಸಾಯೋರ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ನುಂಗಿದವರನ್ನ ಶಿವಗಂಗಾ ಎಷ್ಟು ಮಂದೀನ ಕಂಡಿದ್ದಳೋ! ಕಾಗದ ಕಸಗೊಂಡು ಪರಪರ ಹರಿದಳು.

"ನಾಚಿಕಿ ಆಗಂಗಿಲ್ಲೇನ್ರಿ? ಜೀವ ಹೋಗೂತನಕರ ತಡೀಬಾರದಾ?"

ಆತ ಬೈಯಲಿಲ್ಲ. ಬಗ್ಗಿ ತುಂಡು ಆರಿಸಾಕತ್ತಿದ.

"ನಾ ಡಾಕ್ಟರ್ ಕಾಶೀನಾಥ ರೀ, ಚಿಂಚೋಳಿಯವ. ನೋವು ಇಳಿಸೂ ಮಾರ್ಫಿನ್ ಗುಳಿಗಿ ಬೇಕಂದ್ರ ನಮ್ಮ ಮಂದಿ ಕಲಬುರಗಿತನಾ ಹೋಗಬೇಕು. ಮಗ್ಗಲು ಬದಲಿಸಾಕ ಆಗದವರು ಹ್ಯಾಂಗ ಹೋಗ್ತಾರ? ತಾಲೂಕಿನ ದವಾಖಾನ್ಯಾಗೇ ಕೊಡ್ರಿ ಅಂತ ಇವರೇ ಹಾಕಿದ ಅರ್ಜಿ ಇದು." ಆತನ ದನಿ ಇಳೀತು. "ಏಳು ಹೆಬ್ಬೆಟ್ಟು. ಇದ್ರಾಗ ಆರು ಮಂದಿ ಈಗ ಇಲ್ರಿ... ಮತ್ತ ಎಲ್ಲಿಂದ ತರಲಿ?"

ಶಿವಗಂಗಾಳ ಎದಿ ಧಸಕ್ಕಂತು. ಕೈಯಾಗ ಉಳಿದ ತುಂಡಿನ ಮ್ಯಾಲ ಗುಂಡಗುರ್ತಿ ಅಂಬರಾಯನ ಹೆಸರು. ಸತ್ತಾಗ ಆತನ ಕಣ್ಣು ಮುಚ್ಚಿದ್ದು ಆಕಿಯ ಇದೇ ಕೈ.

'ಸತ್ತವರ ಮಾತು ಹರಿದೆನಲ್ಲೋ ಶಿವನೇ!'

ತುಂಡುಗಳನ್ನ ಬೇಡಿ ಇಸಗೊಂಡು ಹೋಗಿ, ಗಾಯಕ್ಕ ಹಚ್ಚೂ ಪಟ್ಟಿಲೇ ಒಂದೊಂದೇ ಜೋಡಿಸಿದಳು. ಆ ಮಸಿ ಬೆರಳುಗಳು ತನ್ನ ಬೆರಳನ್ನ ಮೆಲ್ಲಕ ಹಿಡಕೊಂಡಂಗ ಅನಸಿತು. ಖರೇ ಹೇಳ್ತೀನಿ, ಅಂಥಾ ಗಟ್ಟಿ ಹೆಣ್ಣಿಗೂ ಮೈ ಜುಂ ಅಂತು.

ಮರುದಿನ ಅರ್ಜಿ ಆತನ ಕೈಗಿಟ್ಟಳು. "ಬೈಯ್ರಿ ನನಗ."

"ಬೈಯಾಕ ಪುರಸೊತ್ತಿಲ್ರಿ. ನಾಳಿ ಸೇಡಂದಾಗ ದೊಡ್ಡ ಸಾಹೇಬರ ಮುಂದ ವಿಚಾರಣೆ ಅದ. ಬರ್ತೀರೇನು?"

ಆತ ಮೊದಲ ಸಲ ನಕ್ಕ. ಆ ನಗಿಗೆ ಆಕಿಗೆ ಭಾಳ ಅಳು ಬಂತು.

ಗುರುದೇವಿಗೆ ಹೇಳಿದಾಗ ಮುದುಕಿ ಹಲ್ಲು ಕಚ್ಚಿ ಅಂದಳು. "ನಾ ಬರಾಕ ಆಗಂಗಿಲ್ಲ ಮಗಳ... ನನ್ನ ದನಿ ಒಯ್ಯಿ."

ವಿಚಾರಣೆಯಾಗ ಸಾಹೇಬರು ತಲಿ ಎತ್ತಲಿಲ್ಲ. "ಅರ್ಜಿದಾರರು ಹಾಜರಿಲ್ಲಂದ್ರ ಅರ್ಜಿ ವಜಾ. ಕರೀರಿ."

ಜವಾನ ಬಾಗಿಲದಾಗ ನಿಂತು ಕೂಗಿದ. "ಗುಂಡಗುರ್ತಿ ಅಂಬರಾಯ!"

ವರಾಂಡಾ ಖಾಲಿ.

"ಸತ್ತಾರ್ರಿ," ಶಿವಗಂಗಾ ಎದ್ದು ನಿಂತಳು. "ಹನ್ನೊಂದು ದಿನ ಒದರಿ ಒದರಿ."

"ಶಹಾಬಾದ ಮಜೀದಸಾಬ!"

"ಸತ್ತಾರ್ರಿ. ನೋವು ತಾಳದೆ ನಾಲಿಗಿ ಕಚ್ಚಿಕೊಂಡಿದ್ರು."

"ವಾಡಿ ನಾಮದೇವ!"

ಹೊರಗ ಯಾರೋ ಕೆಮ್ಮಿದಂಗಾತು! ಜವಾನ ಇಣುಕಿ ನೋಡಿದ. ಯಾರೂ ಇಲ್ಲ. ಆತನ ಮಾರಿ ಬಿಳಿಚಿತು.

"ಸತ್ತಾರ್ರಿ," ಅಂದಳು ಶಿವಗಂಗಾ.

ಆರನೇ ಹೆಸರು ಮುಗಿಯೂದ್ರಾಗ ಜವಾನ ಮುಂದ ಕೂಗಲಾರದೆ ಅರ್ಜಿ ಸಾಹೇಬರ ಮುಂದಿಟ್ಟುಬಿಟ್ಟ. ಕಡೀ ಹೆಸರು ಸಾಹೇಬರೇ ಓದಿದ್ರು.

"ದಂಡೋತಿ... ಗುರುದೇವಿ?"

"ಹಾಜರದಾಳ್ರಿ!"

ಶಿವಗಂಗಾ ಫೋನ್ ಮೇಜಿನ ಮ್ಯಾಲಿಟ್ಟಳು. ಆ ಕಡಿ ಸೊಸಿ ಭಾಗ್ಯಶ್ರೀ ತನ್ನ ಫೋನ್ ಮುದುಕಿಯ ಬಾಯಿ ಹತ್ತರ ಹಿಡಿದಿದ್ದಳು. ಆ ನರಳಾಟ ಕೋಣಿ ತುಂಬಿತು.

"ಬಂದ್ ಮಾಡ್ರಿ ಅದನ್ನ!" ಸಾಹೇಬರು ಕಿವಿ ಮುಚ್ಚಿಕೊಂಡ್ರು.

"ಬಂದ್ ಮಾಡೂ ಗುಳಿಗಿ ನಿಮ್ಮ ಸಹಿ ಕಾಯಾಕತ್ತದ ರೀ," ಅಂದ ಕಾಶೀನಾಥ.

ಸಹಿ ಬಿತ್ತು.

ವಾರದಾಗ ಗುಳಿಗಿ ಬಂದವು. ಗುರುದೇವಿ ನಿದ್ದಿ ಮಾಡಿದಳು. ಇನ್ನೂ ಒಂಬತ್ತು ದಿನ ಇದ್ದಳು. ಸೊಸಿ ಜೋಡಿ ಮಾತಾಡಿದಳು, ನಕ್ಕಳು, ಒಂದಿನ ನಸಿಕಿನ್ಯಾಗ ಆಕಿ ಕೈ ಹಿಡಕೊಂಡೇ ಹೋದಳು.

ಮಣ್ಣು ಮಾಡಿ ಬಂದು ಕಾಶೀನಾಥ ಕಾಗಿಣಾ ಹೊಳಿ ದಂಡ್ಯಾಗ ಕುಂತಿದ್ದ. ಶಿವಗಂಗಾ ಹಿಂದ ಬಂದು ನಿಂತಳು.

"ನನ್ನ ಕಡೀ ದಿನ," ಅಂದ ಆತ ನೀರು ನೋಡಕೋತ, "ನೀವೇ ಬಾಜೂಕ ಇರಬೇಕ್ರಿ."

ಅಯ್ಯ, ಹೆಣ್ಣಿಗೆ ಹೀಂಗೂ ಕೇಳ್ತಾರೇನು! ಆಕಿ ಅಳಕೋತನೇ ನಕ್ಕಳು.

"ಅದಕ್ಕಿನ್ನೂ ನಲವತ್ತು ವರ್ಷ ಅದಾವ್ರಿ ಡಾಕ್ಟ್ರ... ಅಲ್ಲೀತನಾ?"

"ಅಲ್ಲೀತನಾನೂ."

"ಹಂಗಾದ್ರ ಜರಾ ಸರೀರಿ... ಕುಂದರ್ತೀನಿ."