ಬಾಲದ ತೂತು

“ಇಗೋ ನೋಡು, ಆಗಲೇ ಮಾಡ್ಯಾರ!”

ಮಲ್ಲೇಶ್ವರಿ ಟೀಚರ್ ಫೋನನ್ನು ರಜಿತಾಳ ಕಡೆ ತಿರುಗಿಸಿದರು. ಬೆನ್ನಿಗೆ ಹಾಕುವ ಒಂದು ಚೀಲದ ಚಿತ್ರ. ಚೀಲದೊಳಗೆ ಕುರಿಮರಿ! ಯಾವುದೋ ದೂರದ ದೇಶದವರು ಅದಕ್ಕೆ ಪೇಟೆಂಟ್ ಪಡೆದು ವರ್ಷಗಳೇ ಆಗಿದ್ದವು.

ರಜಿತಾಳ ಮುಖ ಸಣ್ಣದಾಯಿತು. ಮೇಯಲು ಹೋದಲ್ಲೇ ಹುಟ್ಟುವ ಮರಿಗಳನ್ನು ಕುರಿ ಕಾಯುವ ಅವಳ ಅಜ್ಜ, ಮುತ್ಯಾ ಬೀರಲಿಂಗಪ್ಪ, ತೋಳಲ್ಲಿ ಹೊತ್ತು ತರುತ್ತಿದ್ದ. ತೋಳು ಸೋತುಹೋಗುತ್ತಿತ್ತು. ಅದಕ್ಕೇ ಅವಳು ತನ್ನ ಹಳೆಯ ಸ್ಕೂಲ್ ಬ್ಯಾಗನ್ನು ಕತ್ತರಿಸಿ, ಹೊಲಿದು ಮರಿಚೀಲ ಮಾಡಿದ್ದಳು. ನಾರಾಯಣಪೇಟೆಯ ಸೈನ್ಸ್ ಫೇರ್‌ಗೆ ಒಯ್ಯುತ್ತೇನೆ, ಪೇಟೆಂಟೂ ತಗೊಳ್ಳುತ್ತೇನೆ ಎಂದು ಕ್ಲಾಸಿಗೆಲ್ಲ ಸಾರಿಬಿಟ್ಟಿದ್ದಳು.

“ನಾ ಕಾಪಿ ಹೊಡ್ದಿಲ್ರೀ ಟೀಚರ್. ಈ ಫೋಟೋ ನಾ ನೋಡೇ ಇಲ್ಲ.”

“ಗೊತ್ತೈತವ್ವ. ಆದ್ರ ಪೇಟೆಂಟ್ ಹೊಸದಕ್ಕಷ್ಟ ಕೊಡ್ತಾರ. ಅದಕ್ಕ ಮೊದಲ ಹುಡುಕಿ ನೋಡಬೇಕು. ಇದರಾಗಿಲ್ಲದ್ದು ನಿನ್ನ ಚೀಲದಾಗ ಏನರ ಐತೇನು?”

ರಜಿತಾ ಫೇರ್‌ಗೆಂದು ಚೀಲದ ಚಿತ್ರ ಬಿಡಿಸಿದ್ದ ತನ್ನ ಚಾರ್ಟ್ ನೋಡಿದಳು. ಅಂಥವೇ ಪಟ್ಟಿ, ಅಂಥದೇ ಜಿಪ್.

“ಏನಿಲ್ರೀ.”

ಇತ್ತು, ಆದರೆ ಹೇಳಲು ನಾಚಿಕೆ. ಚೀಲದ ಹಿಂದೆ ಒಂದು ತೂತಿತ್ತು. ಮರಿ ಮುತ್ಯಾನ ಅಂಗಿ ಹೊಲಸು ಮಾಡದಿರಲೆಂದು, ಬಾಲ ಹೊರಗಿರುವಂತೆ ಅವಳೇ ಕತ್ತರಿಸಿದ್ದು. ಎಲ್ಲರೂ ನಗುತ್ತಾರೆಂದು ಚಾರ್ಟಿನಲ್ಲಿ ಅದನ್ನು ಬಿಡಿಸಿರಲಿಲ್ಲ.

ಸಂಜೆ ಶಾಲೆ ಬಿಟ್ಟಾಗ ಮಕ್ತಲ್ ರಸ್ತೆಯಲ್ಲಿ ಮುತ್ಯಾನ ಹಿಂಡು ಎದುರಾಯಿತು. ಮುತ್ಯಾನ ಬೆನ್ನಲ್ಲಿ ಮರಿಚೀಲ. ತೂತಿನಿಂದ ಪುಟ್ಟ ಬಾಲವೊಂದು ಪಟಪಟ ಅಲ್ಲಾಡುತ್ತಿತ್ತು. ತಾಯಿಕುರಿ ಅದನ್ನು ಮೂಸುತ್ತ, ಮ್ಯಾ ಮ್ಯಾ ಎನ್ನುತ್ತ ಬೆನ್ನಿಗಂಟಿಕೊಂಡೇ ಬರುತ್ತಿತ್ತು.

“ಮುತ್ಯಾ, ಈ ತಾಯಿಕುರಿಗಿ ಹಗ್ಗ ಕಟ್ಟಿಲ್ಲೇನು?”

“ಯಾತಕ್ಕ? ಕುರಿ ತನ್ನ ಮರಿ ಗುರುತು ಹಿಡಿಯೋದು ಬಾಲದ ವಾಸನೀಲೆ, ಮಾರಿ ನೋಡಿ ಅಲ್ಲ! ಮೊದಲು ನಾ ಕೈಯಾಗ ಹೊತ್ರ, ಮರಿ ಎಲ್ಲಿ ಅಂತ ಹೆತ್ತ ಜಾಗಕ್ಕ ವಾಪಸ್ ಓಡ್ತಿದ್ವು. ಈಗ ನೋಡು, ಮದುವ್ಯಾಗ ಮದಲಗಿತ್ತಿ ಹಿಂದ ಕಳಸ ಹಿಡಿದ ಕಳಸಗಿತ್ತಿ ಬಂದಂಗ ಬರ್ತಾವ!”

ರಜಿತಾ ಕಿಲಕಿಲ ನಕ್ಕಳು. ನಗುನಗುತ್ತಲೇ ಥಟ್ಟನೆ ನಿಂತಳು. ಟೀಚರ್ ಫೋನಿನಲ್ಲಿ ತೋರಿಸಿದ ಚೀಲಕ್ಕೆ ತೂತೇ ಇರಲಿಲ್ಲ!

“ಮುತ್ಯಾ, ಅಲ್ಲೇ ನಿಲ್ಲು! ಅಲುಗಾಡಬ್ಯಾಡ!”

ಅವಳು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಚಾರ್ಟ್ ಹರಡಿದಳು. ಚೀಲದ ಹಿಂದೆ ತೂತು ಬಿಡಿಸಿದಳು. ತೂತಿನಿಂದ ಬಾಲ. ಬಾಲಕ್ಕೆ ತಾಗಿದಂತೆ ಕುರಿಯ ಮೂಗು.

“ಬಾಲ ಇನ್ನಷ್ಟು ದಪ್ಪ ಮಾಡವ್ವ,” ಎಂದು ಮುತ್ಯಾ ಬಗ್ಗಿ ನೋಡಿದ. “ಈಗ ಸಿಗ್ತೈತೇನು ನಿನ್ನ ಪೇಟೆಂಟು?”

“ಗೊತ್ತಿಲ್ಲ ಮುತ್ಯಾ. ನಾಳೆ ಟೀಚರ್ ಕೂಡ ಕುಂತು ಮತ್ತ ಹುಡುಕಬೇಕು. ತೂತನೂ ಯಾರಾದ್ರೂ ಮಾಡಿದ್ರ?”

“ಮಾಡಿದ್ರ ಅಳ್ತೀಯೇನು?”

ರಜಿತಾ ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿದಳು. ಆ ದೂರದ ದೇಶದಲ್ಲೂ ಒಂದು ಹಿಂಡು, ಒಂದು ಮರಿ, ಅದನ್ನು ಹೊತ್ತು ನಡೆಯುವ ಒಬ್ಬ ಮುದುಕ ಕಣ್ಣಿಗೆ ಕಟ್ಟಿದಂತಾಯಿತು.

“ಇಲ್ಲ,” ಎಂದಳು ಮೆಲ್ಲಗೆ. “ಅವ್ರ ಮುತ್ಯಾನ ಅಂಗೀನೂ ಹೊಲಸಾಗಿತ್ತು ಅಂತ ತಿಳ್ಕೊಂತೀನಿ.”