ಹೆಬ್ಬೆರಳಿಗೆ ಸಿಗದ ಹಿಡಿತ

ಎಂಬತ್ತು ಕಿಲೋಮೀಟರ್ ವೇಗದಲ್ಲಿ ಇಳಿದು ಬಂದ ಕಾರು ಎಳನೀರಿನ ಬೊಂಡಕ್ಕೆ ಒಂದು ಗೇಣು ಇರುವಾಗಲೇ ನಿಂತಿತು. ಕಿರುಚಲಿಲ್ಲ, ಜಾರಲಿಲ್ಲ, ಹಿಂಭಾಗ ಅತ್ತಿತ್ತ ಬಳುಕಲಿಲ್ಲ. ಮಳೆ ಹೊಯ್ಯುತ್ತಿತ್ತು, ಡಾಂಬರಿನ ಮೇಲೆ ಬೆರಳು ದಪ್ಪ ನೀರು ಹರಿಯುತ್ತಿತ್ತು. ಬ್ರೇಕ್ ಒತ್ತುವ ಜಾಗದಿಂದ ಮೂವತ್ತೈದು ಮೀಟರ್ ಅಳೆದು ರಸ್ತೆಯ ನಡುವೆ ಆ ಬೊಂಡ ಇಟ್ಟವರು ಪುರಂದರ ಸಾಲ್ಯಾನ್. ಅದು ಪುಡಿಯಾಗುವುದು ಖಂಡಿತ ಎಂದು ಅವರು ಕಣ್ಣು ಮುಚ್ಚಿಕೊಂಡಿದ್ದರು. ತೆರೆದು ನೋಡಿದರೆ ಬೊಂಡ ಇಟ್ಟಲ್ಲೇ ಇತ್ತು.

ಅದು 2053ರ ಜೂನ್ ತಿಂಗಳು, ಶಿರಾಡಿ ಘಾಟಿಯ ಕೊಡಿಮರ ತಿರುವು. ಘಟ್ಟದ ಬುಡದ ಪೇಟೆಯಲ್ಲಿ ಪುರಂದರಣ್ಣನ ಟಯರಿನ ಅಂಗಡಿ ಮೂವತ್ತೇಳು ವರ್ಷದಿಂದ ನಡೆಯುತ್ತಿತ್ತು. ಕಾರಿನಿಂದ ಇಳಿದು ಬಂದವಳು ಡಾ. ವೆನಿಶಾ ಲೋಬೊ. ಓದುವ ಕಾಲದಲ್ಲಿ ಅವರ ಅಂಗಡಿಯಲ್ಲಿ ಎರಡು ತಿಂಗಳು ಕುಳಿತು ಸವೆದ ಟಯರುಗಳನ್ನು ಅಳೆದು ಬರೆದುಕೊಂಡ ಹುಡುಗಿ, ಈಗ ರಬ್ಬರಿನ ವಿಜ್ಞಾನದಲ್ಲಿ ದೊಡ್ಡ ಹೆಸರು. ತಾನು ಮಾಡಿದ ಹೊಸ ಟಯರಿನ ಮೊದಲ ಪರೀಕ್ಷೆಗೆ ಮಂತ್ರಿಗಳನ್ನು ಕರೆಯದೆ ಇವರನ್ನು ಕರೆದಿದ್ದಳು. ಪುರಂದರಣ್ಣ ಬೊಂಡ ಕೆತ್ತಿಸಿ ಅವಳಿಗೇ ಕುಡಿಸಿದರು. ಆಮೇಲೆ ರಸ್ತೆಯ ಅಂಚಿಗೆ ಹೋಗಿ, ಕೆಳಗಿನ ಹೊಳೆಯ ಕಡೆ ನೋಡುತ್ತ ಸುಮಾರು ಹೊತ್ತು ನಿಂತರು. ಇಪ್ಪತ್ತೆಂಟು ವರ್ಷದ ಹಿಂದೆ, ಇಂಥದೇ ಮಳೆಯಲ್ಲಿ, ಅವರ ತಮ್ಮ ಜನಾರ್ದನ ಕಾರು ಸಮೇತ ಜಾರಿ ಹೋದದ್ದು ಇದೇ ತಿರುವಿನಲ್ಲಿ.

ಜನಾರ್ದನ ಜೋರು ಓಡಿಸುತ್ತಿದ್ದ ಎಂದು ಪೊಲೀಸರು ಬರೆದುಕೊಂಡರು. ಊರೂ ಹಾಗೇ ಹೇಳಿತು. ಅವನ ಮಗಳು ಹರ್ಷಿಣಿ ಆಗ ಹನ್ನೊಂದು ತಿಂಗಳ ಕೂಸು. ಅವಳನ್ನು ಸಾಕಿ ಬೆಳೆಸಿದ ಪುರಂದರಣ್ಣ, ಮುಂದೆ ಗಾಡಿ ಕಲಿಸುವಾಗ ಕ್ಲಚ್ಚು ಬ್ರೇಕಿಗಿಂತ ಮೊದಲು ಕಲಿಸಿದ ಪಾಠವೂ ಅದೇ. "ನಿನ್ನ ಅಪ್ಪನ ಹಾಗೆ ಓಡಿಸಬೇಡ ಮಗಾ."

ವೆನಿಶಾಳ ಟಯರಿಗೆ ಕಂಪನಿ 'ಉಡ' ಎಂದು ಹೆಸರಿಟ್ಟಿತು. ಕೋಟೆಯ ಗೋಡೆಗೆ ಅಂಟಿಕೊಂಡರೆ ಹಗ್ಗ ಕಟ್ಟಿ ಎಳೆದರೂ ಬಿಡದ ಪ್ರಾಣಿ ಉಡ, ಹೆಸರು ಒಪ್ಪುವಂಥದೇ. ಸಾಧಾರಣ ಟಯರು ನೀರಿನ ಮೇಲೆ ವೇಗವಾಗಿ ಓಡುವಾಗ, ಅದರ ಮೈಮೇಲಿನ ಕಾಲುವೆಗಳು ನೀರನ್ನೆಲ್ಲ ಹೊರಹಾಕಲಾರವು. ಆಗ ಚಕ್ರಕ್ಕೂ ರಸ್ತೆಗೂ ನಡುವೆ ನೀರಿನದೊಂದು ತೆಳು ಹಾಸು ಉಳಿದು, ಕಾರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ. ಉಡದ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಎಳೆಗಳಿದ್ದವು. ನೀರು ಸೋಕಿದೊಡನೆ ಅವು ನೆಟ್ಟಗೆ ನಿಂತು, ನೀರನ್ನು ಪಕ್ಕಕ್ಕೆ ಹೀರಿ ಸಾಗಿಸಿ, ಕಲ್ಲಿನ ಮೈಯನ್ನೇ ಹುಡುಕಿ ಹಿಡಿಯುತ್ತಿದ್ದವು. ಒಣ ರಸ್ತೆಯಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದವು.

ಉಡ ಪೇಟೆಗೆ ಬಂದ ಮೊದಲ ಮಳೆಗಾಲದಲ್ಲಿ ಘಾಟಿಯಲ್ಲಿ ಸತ್ತವರು ಇಬ್ಬರೇ. ಹಿಂದಿನ ವರ್ಷ ನಲವತ್ತೊಂದು ಜನ ಸತ್ತಿದ್ದರು. ಪುರಂದರಣ್ಣ ಪೇಪರಿನ ಆ ತುಂಡನ್ನು ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸಿದರು. ಆದರೆ ಮನುಷ್ಯನಿಗೆ ಒಂದು ಗೇಣು ಸುರಕ್ಷೆ ಕೊಟ್ಟರೆ ಅದರ ಮೇಲೆ ಒಂದು ಮೊಳ ಅವಸರ ಹಾಕಿಕೊಳ್ಳುವುದು ಅವನ ಜಾಯಮಾನ. ಮಳೆಗೆ ಹೆದರಿ ಒಂದು ಗಂಟೆ ಮೊದಲು ಹೊರಡುತ್ತಿದ್ದವರು ಸರಿಯಾದ ಹೊತ್ತಿಗೆ ಹೊರಡತೊಡಗಿದರು. 'ನಿಧಾನವಾಗಿ ಚಲಿಸಿ' ಎಂಬ ಹಳದಿ ಫಲಕಗಳ ಮೇಲೆ ಬಳ್ಳಿ ಹಬ್ಬಿತು, ಯಾರೂ ಕೀಳಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಮಳೆಯಲ್ಲಿ ನಿಧಾನ ಹೋಗುವುದೆಂದರೆ ಬಡತನ ಎಂಬಂತಾಗಿತ್ತು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ದೊಡ್ಡವರ ಕಾರಿನ ಉಡ ಒಂದಲ್ಲ ಒಂದು ದಿನ ಪುರಂದರಣ್ಣನ ಅಂಗಡಿಗೂ ಬರಲೇಬೇಕಿತ್ತು. ಆ ಸೀಮೆಯಲ್ಲಿ ಒಂದು ಪದ್ಧತಿ ಉಂಟು. ಏಪ್ರಿಲಿನ ಬಿಸು ಹಬ್ಬ ಕಳೆದ ಮೇಲೆ, ಪತ್ತನಾಜೆಗೆ, ಅಂದರೆ ಮೇ ಕೊನೆಗೆ ಭೂತಕೋಲ, ಯಕ್ಷಗಾನದ ಆಟಗಳೆಲ್ಲ ನಿಲ್ಲುವ ದಿನಕ್ಕೆ ಮುಂಚೆ, ಉಳ್ಳವರೆಲ್ಲ ಮಳೆಗಾಲಕ್ಕೆಂದು ಹೊಸ ಟಯರು ಹಾಕಿಸುತ್ತಾರೆ. ಬಿಚ್ಚಿದ್ದು ಬಿಸಾಡುವುದಿಲ್ಲ. ಸ್ವಂತ ಕಾರಿನದು ಬಾಡಿಗೆ ಕಾರಿಗೆ, ಬಾಡಿಗೆ ಕಾರಿನದು ಹಳೇ ವ್ಯಾನಿಗೆ, ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಯಾವ ಟಯರು ಎಷ್ಟು ಮೆಟ್ಟಿಲು ಇಳಿಯಬಹುದೆಂದು ತೀರ್ಮಾನಿಸುತ್ತಿದ್ದುದು ಪುರಂದರಣ್ಣನ ಬಲಗೈ ಹೆಬ್ಬೆರಳು. ಉಗುರನ್ನು ಕಾಲುವೆಯೊಳಗೆ ಇಳಿಸುವರು. ಉಗುರು ಪೂರ್ತಿ ಮುಳುಗಿದರೆ, "ಎರಡು ಮಳೆಗಾಲಕ್ಕೆ ಧೈರ್ಯ." ಅರ್ಧ ಮುಳುಗಿದರೆ, "ಒಂದು." ಉಗುರು ಹೊರಗೇ ಉಳಿದರೆ ಎಷ್ಟು ಕೈಮುಗಿದರೂ ಹಾಕಿಕೊಡುತ್ತಿರಲಿಲ್ಲ. ಅವರು ಪ್ರಾಮಾಣಿಕರು, ಅದರಲ್ಲಿ ಎರಡು ಮಾತಿಲ್ಲ. ಹಾಗಾಗಿಯೇ ಇಡೀ ಘಟ್ಟದ ತಪ್ಪಲು ಆ ಬೆರಳನ್ನು ನಂಬಿತ್ತು. ಚಾಲಕರೆಲ್ಲ ಅದನ್ನು ನೋಡಿ ಕಲಿತು ತಮ್ಮ ತಮ್ಮ ಹೆಬ್ಬೆರಳು ಇಳಿಸುತ್ತಿದ್ದರು.

2056ರ ಪತ್ತನಾಜೆಯ ಹೊತ್ತಿಗೆ ಅಂಗಡಿಯ ಮುಂದೆ ಬಿಚ್ಚಿದ ಉಡಗಳ ರಾಶಿಯೇ ಬಿದ್ದಿತ್ತು. ಒಂದೊಂದೂ ಹೊಸದರಂತೆ, ಉಗುರು ಪೂರ್ತಿ ಮುಳುಗುವಂಥದು. ಶ್ರೀಮಂತರಿಗೆ ಹುಚ್ಚು ಎಂದು ಪುರಂದರಣ್ಣ ನಕ್ಕರು. ಒಳ್ಳೆಯದೊಂದು ಬಡವರ ಚಕ್ರಕ್ಕೂ ಬಂತಲ್ಲ ಎಂದು ಮನಸ್ಸು ತುಂಬಿ ಹಾಕಿಕೊಟ್ಟರು. ದಿನಾ ಘಟ್ಟದ ಮೇಲಿನ ಊರುಗಳಿಗೆ ಮೀನು ಕೊಂಡುಹೋಗುವ ಹರ್ಷಿಣಿಯ ವ್ಯಾನಿಗೆ ಆರಿಸಿ ಆರಿಸಿ ನಾಲ್ಕು ಹಾಕಿದರು.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಆರು ದಿನದಲ್ಲಿ ಘಾಟಿಯಲ್ಲಿ ಒಂಬತ್ತು ಗಾಡಿಗಳು ಜಾರಿದವು. ಏಳನೆಯ ದಿನ ಬೆಳಿಗ್ಗೆ ವೆನಿಶಾ ಅಂಗಡಿಗೆ ಬಂದಳು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ. ನೇರ ಟಯರಿನ ರಾಶಿಯ ಹತ್ತಿರ ಹೋಗಿ, ಕೈಯಲ್ಲಿದ್ದ ಪುಟ್ಟ ಯಂತ್ರವನ್ನು ಒಂದೊಂದಕ್ಕೂ ತಾಗಿಸಿ ನೋಡಿದಳು. ಇಂಥವು ಎಷ್ಟು ಗಾಡಿಗೆ ಹಾಕಿದ್ದೀರಿ ಎಂದು ಕೇಳಿದಳು. ಇನ್ನೂರರ ಮೇಲೆ ಇರಬಹುದೆಂದು ಅವರು ಹೇಳಿದಾಗ ಗೋಡೆಗೆ ಒರಗಿದಳು.

ಎಳೆಗಳಿಗೆ ಜೀವ ಕೊಡುವ ಒಂದು ಎಣ್ಣೆಯಂಥ ಪದಾರ್ಥ ರಬ್ಬರಿನೊಳಗೆ ಇರುತ್ತದೆ, ಮೂವತ್ತು ಸಾವಿರ ಕಿಲೋಮೀಟರಿಗೆ ಅದು ಮುಗಿಯುತ್ತದೆ ಎಂದು ಅವಳು ವಿವರಿಸಿದಳು. ಎಣ್ಣೆ ಮುಗಿದರೂ ರಬ್ಬರು ಸವೆಯುವುದಿಲ್ಲ, ಕಾಲುವೆ ಆಳವಾಗಿಯೇ ಇರುತ್ತದೆ. ಸತ್ತ ಎಳೆಗಳು ಮಾತ್ರ ನೀರು ಸೋಕಿದಾಗ ಏಳದೆ ಪಾಚಿಯ ಹಾಗೆ ಮಲಗುತ್ತವೆ. ಬೋಳು ಟಯರಿಗಿಂತ ಅದು ಕೆಟ್ಟದು. ಒಣ ರಸ್ತೆಯಲ್ಲಿ ಒಂದಿಷ್ಟೂ ವ್ಯತ್ಯಾಸ ತಿಳಿಯುವುದಿಲ್ಲ. ಕೈಯಿಂದ ಮುಟ್ಟಿದರೂ ತಿಳಿಯದು. ಗಾಡಿಯ ಭಾರ ಬಿದ್ದು ಚಕ್ರ ಓಡುವಾಗಲೇ ತಿಳಿಯಬೇಕು.

ಹಾಗಾದರೆ ಮೊದಲು ಹಾಕಿಸಿದವರಿಗೆ ತಿಳಿಯುವುದು ಹೇಗೆ ಎಂದು ಪುರಂದರಣ್ಣ ಕೇಳಿದರು. ಹಿಡಿತ ಮುಗಿದದ್ದನ್ನು ಟಯರಿನೊಳಗೆ ಕೂರಿಸಿದ ಎಲೆಕ್ಟ್ರಾನಿಕ್ ಬಿಲ್ಲೆ ಕಾರಿನ ಪರದೆಗೆ ಹೇಳುತ್ತದೆ, ಅದಕ್ಕೇ ಅವರು ಬದಲಾಯಿಸಿದ್ದು ಎಂದಳು ಅವಳು. ಹಳೇ ವ್ಯಾನುಗಳಲ್ಲಿ ಅಂಥ ಪರದೆ ಇಲ್ಲ. ಬಿಲ್ಲೆ ಕೂಗುತ್ತಲೇ ಇರುತ್ತದೆ, ಕೇಳುವವರಿಲ್ಲ.

"ನಾನು ಇಲ್ಲೇ ಎರಡು ತಿಂಗಳು ಕೂತಿದ್ದೆ ಪುರಂದರಣ್ಣ," ಎಂದಳು. "ಟಯರು ಮೆಟ್ಟಿಲು ಇಳಿಯುದನ್ನು ಕಣ್ಣಾರೆ ನೋಡಿದವಳು. ಮಾಡುವಾಗ ನನಗೆ ಹೊಸ ಕಾರು ಬಿಟ್ಟು ಬೇರೆ ಎಂತದೂ ನೆನಪಾಗ್ಲಿಲ್ಲ."

ಕಂಪನಿ ವಾಪಸು ತೆಗೆದುಕೊಳ್ಳುವುದಿಲ್ಲವೇ ಎಂದು ಅವರು ಕೇಳಿದ್ದಕ್ಕೆ, ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕಬಾರದೆಂದು ಕಂಪನಿ ಮೊದಲೇ ಅಚ್ಚು ಹಾಕಿಸಿದೆ ಎಂದು ಟಯರಿನ ಪಕ್ಕದ ಸಣ್ಣ ಅಕ್ಷರ ತೋರಿಸಿದಳು. ಕಂಪನಿಯ ಕೈ ಶುದ್ಧವಾಗಿತ್ತು. ದೇಶದ ರಸ್ತೆಗಳಲ್ಲಿ ನಲವತ್ತು ಲಕ್ಷ ಉಡಗಳಿದ್ದವು. ಬಿಚ್ಚಿದ್ದು ಎಲ್ಲೆಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ.

ಪುರಂದರಣ್ಣ ಕೂಡಲೇ ಹರ್ಷಿಣಿಗೆ ಫೋನು ಮಾಡಿ, ವ್ಯಾನು ಇದ್ದಲ್ಲೇ ನಿಲ್ಲಿಸು ಎಂದರು. ಅವಳು ಅದೃಷ್ಟಕ್ಕೆ ಘಟ್ಟದ ಮೇಲೆ ಸಕಲೇಶಪುರದ ಪೇಟೆಯಲ್ಲಿದ್ದಳು. ನಾಲ್ಕು ಸಾದಾ ಟಯರು ಕೊಂಡುಹೋಗಿ ಬದಲಾಯಿಸಿ, ಅವಳ ಜತೆಗೇ ಇಳಿದು ಬಂದರು. ಆ ಒಂದು ವ್ಯಾನಿನ ಮಟ್ಟಿಗೆ ಅವರು ಗೆದ್ದರು.

ಉಳಿದವರ ಹತ್ತಿರ ಗೆಲ್ಲಲಾಗಲಿಲ್ಲ. ಅಂಗಡಿಯಲ್ಲಿ ಯಾವ ಟಯರು ಯಾರಿಗೆ ಹೋಯಿತೆಂದು ಬರೆದಿಡುವ ರೂಢಿ ಇರಲಿಲ್ಲ. ಮುಖ ನೆನಪಾದವರ ಮನೆಗೆಲ್ಲ ಮಳೆಯಲ್ಲಿ ನೆನೆದುಕೊಂಡು ಹೋದರು. ಮರಳಿಸಿ, ಬೇರೆ ಹಾಕಿಕೊಡುತ್ತೇನೆ ಎಂದರು. ಹತ್ತಿಪ್ಪತ್ತು ಜನ ಬಂದರು. ಹೆಚ್ಚಿನವರು ನಕ್ಕರು, ಕೆಲವರು ಒಳ್ಳೆಯ ಟಯರು ಬಿಟ್ಟುಕೊಟ್ಟು ಈಗ ಹೊಟ್ಟೆ ಉರಿಯಿತೇನೋ ಎಂದು ಹಿಂದಿನಿಂದ ಆಡಿಕೊಂಡರು. ಬಾಡಿಗೆ ಜೀಪಿನ ಮೋನಪ್ಪ ಗೌಡ ಮಾತ್ರ ಕೂರಿಸಿ ಚಹಾ ಕೊಟ್ಟ. ಆಮೇಲೆ ಅಂಗಳಕ್ಕೆ ಕರೆದುಕೊಂಡು ಹೋಗಿ, ಜೀಪಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಟಯರಿನ ಕಾಲುವೆಯೊಳಗೆ ತನ್ನ ಹೆಬ್ಬೆರಳು ಇಳಿಸಿದ.

"ನೋಡಿ, ಪೂರ್ತಿ ಮುಳುಗ್ತದೆ," ಎಂದ. "ಯಂತ್ರ ಹಿಡ್ಕೊಂಡು ಬಂದ ಆ ಮೇಡಂ ನಿನ್ನೆ ಬಂದವರು. ನಾನು ಇಪ್ಪತ್ತು ವರ್ಷ ನಿಮ್ಮ ಬೆರಳು ನಂಬಿ ಮಕ್ಕಳನ್ನು ಸಾಕಿದವ. ಎರಡು ಮಳೆಗಾಲಕ್ಕೆ ಧೈರ್ಯ ಅಂತ ನೀವೇ ಹೇಳಿದ್ದಲ್ವಾ?"

ತಮ್ಮ ಮಾತಿನ ಎದುರು ತಾವೇ ಸೋತು ಪುರಂದರಣ್ಣ ಮನೆಗೆ ಬಂದರು. ಹತ್ತು ದಿನ ಕಳೆದು ಮೋನಪ್ಪನ ಜೀಪು ಕೊಡಿಮರ ತಿರುವಿನಲ್ಲಿ ಜಾರಿ ಕೆಳಗೆ ಹೋಯಿತು. ಒಳಗೆ ಐದು ಜನರಿದ್ದರು, ಒಬ್ಬರೂ ಉಳಿಯಲಿಲ್ಲ. ಮೋನಪ್ಪ ಜೋರು ಓಡಿಸುತ್ತಿದ್ದ ಎಂದು ಪೊಲೀಸರು ಬರೆದುಕೊಂಡರು.

ಮೋನಪ್ಪನ ಉತ್ತರಕ್ರಿಯೆಯ ಬೊಜ್ಜ ಮುಗಿಸಿ ಬಂದ ದಿನ ವೆನಿಶಾ ಅಂಗಡಿಯ ಮುಂದೆ ಅವರ ಪಕ್ಕದಲ್ಲಿ ಕುಳಿತಿದ್ದಳು. ನಿನ್ನ ಉಡ ಬರುವ ಮೊದಲು ನನ್ನ ಬೆರಳು ಒಮ್ಮೆಯೂ ಸುಳ್ಳು ಹೇಳಿರಲಿಲ್ಲ ಎಂದು ಪುರಂದರಣ್ಣ ಕೊನೆಗೆ ಅಂದರು. ಸಿಟ್ಟಿನಿಂದಲ್ಲ, ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ವೆನಿಶಾ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಅವಳಿಗೆ ಇನ್ನು ಯಾವುದನ್ನೂ ಮುಚ್ಚಿಡುವ ಶಕ್ತಿ ಇರಲಿಲ್ಲ.

"ಹಾಗೆ ಹೇಳ್ಳಿಕ್ಕೆ ಬರುದಿಲ್ಲ ಪುರಂದರಣ್ಣ. ಸಾದಾ ರಬ್ಬರಿಗೂ ವಯಸ್ಸಾಗ್ತದೆ. ಓಡಿಸದೆ ಅಟ್ಟದಲ್ಲಿ ಇಟ್ಟರೂ ಗಟ್ಟಿಯಾಗ್ತಾ ಹೋಗ್ತದೆ, ಒದ್ದೆಯಲ್ಲಿ ಹಿಡಿಯುದಿಲ್ಲ. ಕಾಲುವೆಯ ಆಳ ನೋಡಿದ್ರೆ ಅದು ಗೊತ್ತಾಗುದಿಲ್ಲ. ಹುಟ್ಟಿದ ದಿನ ನೋಡ್ಬೇಕು."

ಟಯರಿನ ಪಕ್ಕೆಯಲ್ಲಿ ಒಂದು ಚಿಕ್ಕ ಚೌಕದೊಳಗೆ ನಾಲ್ಕು ಅಂಕಿಗಳಿರುತ್ತವೆ, ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ ಎಂದು ತೋರಿಸಿದಳು. ಆರೇಳು ವರ್ಷ ದಾಟಿದ್ದನ್ನು ಮಳೆಯಲ್ಲಿ ನಂಬಬಾರದು. ಪುರಂದರಣ್ಣ ಆ ಅಂಕಿಗಳನ್ನು ನಲವತ್ತು ವರ್ಷದಿಂದ ಕಂಡಿದ್ದರು, ಕಾರ್ಖಾನೆಯವರ ಏನೋ ಗುರುತು ಎಂದುಕೊಂಡಿದ್ದರು. ಅವರು ಮೆಲ್ಲನೆ ಎದ್ದರು. ಮನೆಯ ಕಡೆ ನಡೆದರು.

ಅಂಗಡಿ ತೆರೆದ ವರ್ಷ ಅವರು ನಾಲ್ಕು ಟಯರು ತರಿಸಿದ್ದರು, ಯಾರೂ ಕೇಳದ ಅಳತೆಯದು. ಅವು ಅಟ್ಟದಲ್ಲೇ ಉಳಿದವು. ಒಂಬತ್ತು ವರ್ಷ ಕಳೆದು ಜನಾರ್ದನ ಕೊಂಡ ಹಳೇ ಕಾರಿಗೆ ಆ ಅಳತೆ ಹೇಳಿ ಮಾಡಿಸಿದಂತೆ ಕೂತಾಗ ಅಣ್ಣತಮ್ಮಂದಿರಿಬ್ಬರಿಗೂ ಖುಷಿಯೋ ಖುಷಿ. ಒಮ್ಮೆಯೂ ಓಡದ ಟಯರು, ಉಗುರು ಪೂರ್ತಿ ಮುಳುಗಿತ್ತು. ಮೊದಲ ಮಳೆಗೇ ಕಾರು ಹೋಯಿತು. ಗುಜರಿಯವರು ಕೊಂಡುಹೋದ ಮೇಲೆ ಉಳಿದ ಒಂದು ಟಯರನ್ನು ಪುರಂದರಣ್ಣನ ಹೆಂಡತಿ ಬಾವಿಕಟ್ಟೆಯ ಪಕ್ಕ ಮಲಗಿಸಿ, ಮಣ್ಣು ತುಂಬಿ, ಬಸಳೆ ಹಬ್ಬಿಸಿದ್ದಳು. ಮನೆಯವರು ಆ ಬುಡದ ಬಸಳೆಯನ್ನು ಮೂವತ್ತೊಂದು ವರ್ಷ ಉಂಡಿದ್ದರು.

ಪುರಂದರಣ್ಣ ಬಾವಿಕಟ್ಟೆಯ ಹತ್ತಿರ ಮಂಡಿಯೂರಿ ಕುಳಿತು ಬಳ್ಳಿ ಸರಿಸಿದರು. ಬಿರುಕು ಬಿಟ್ಟ ರಬ್ಬರಿನ ಮೇಲಿನ ಮಣ್ಣನ್ನು ಅದೇ ಹೆಬ್ಬೆರಳಿನಿಂದ ಉಜ್ಜಿದರು. ಪಕ್ಕದಲ್ಲಿ ಮೀನಿನ ಪೆಟ್ಟಿಗೆ ತೊಳೆಯುತ್ತಿದ್ದ ಹರ್ಷಿಣಿ ಕೆಲಸ ನಿಲ್ಲಿಸಿ ಬಂದು ಹಿಂದೆ ನಿಂತಳು. ಒಂದು ಚೌಕ ಕಾಣಿಸಿತು. ಅದರೊಳಗೆ 3216 ಎಂದಿತ್ತು. 2016ನೆಯ ಇಸವಿ, ಮೂವತ್ತೆರಡನೆಯ ವಾರ.

ವೆನಿಶಾ ಬಂದು ವಿಷಯ ಹೇಳಬೇಕಾಗಿ ಬರಲಿಲ್ಲ. ಒಂಬತ್ತು ವರ್ಷ ಹಳೇದು, ಒದ್ದೆಯಲ್ಲಿ ಹಿಡಿಯುದಿಲ್ಲ ಎಂದು ದೊಡ್ಡಪ್ಪ ಗೊಣಗಿದ್ದು ಕೇಳಿ, ಅದು ಅಪ್ಪನ ಕಾರಿನ ಟಯರೆಂದು ಗೊತ್ತಿದ್ದ ಹರ್ಷಿಣಿಗೆ ಅರ್ಥವಾಯಿತು. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ.

"ಹಾಗಾದ್ರೆ ಅಪ್ಪ ಜೋರು ಓಡಿಸಿದ್ದಲ್ಲ ಅಲ್ವಾ ದೊಡ್ಡಪ್ಪ," ಎಂದಷ್ಟೇ ಕೇಳಿದಳು.

ಜನಾರ್ದನ ನಿಧಾನದ ಮನುಷ್ಯ. ಕೋಳಿ ಅಡ್ಡ ಬಂದರೂ ಕಾರು ನಿಲ್ಲಿಸಿ ಕಾಯುವವ. ಅದು ಅಣ್ಣನಿಗೆ ಯಾವತ್ತೂ ಗೊತ್ತಿತ್ತು. ಆದರೂ ಊರು ಹೇಳಿದ್ದನ್ನೇ ಅವನ ಮಗಳಿಗೆ ಇಷ್ಟು ವರ್ಷ ಪಾಠ ಹೇಳಿದ್ದರು. ಹರ್ಷಿಣಿ ಸ್ವಲ್ಪ ಹೊತ್ತು ಕಾದು, ಪೆಟ್ಟಿಗೆ ತೊಳೆಯಲು ಹಿಂದಿರುಗಿದಳು. ಮಳೆ ಮತ್ತೆ ಶುರುವಾಯಿತು. ಘಟ್ಟದ ಕಡೆಯಿಂದ ಗಾಡಿಗಳು ಒಂದರ ಹಿಂದೊಂದು ಇಳಿಯುವ ಸದ್ದು ಕೇಳುತ್ತಿತ್ತು. ಅವುಗಳಲ್ಲಿ ಎಷ್ಟಕ್ಕೆ ತಮ್ಮ ಬೆರಳು ಧೈರ್ಯ ಹೇಳಿದೆಯೋ ಅವರಿಗೆ ತಿಳಿಯದು.

ಜನಾರ್ದನ ಹೋದದ್ದು 2025ರ ಜೂನಿನಲ್ಲಿ. ಉಡ ಆಗಿನ್ನೂ ಯಾರ ತಲೆಯಲ್ಲೂ ಇರಲಿಲ್ಲ. ಆ ನಾಲ್ಕು ಅಂಕಿಗಳು ಮಾತ್ರ ಆಗಲೂ ಬೀದಿಯಲ್ಲಿ ನಿಂತ ಪ್ರತಿಯೊಂದು ಕಾರಿನ ಟಯರಿನ ಮೇಲೂ ಇದ್ದವು. ಅವನ್ನು ಓದಲು ಯಾವ ಯಂತ್ರವೂ ಬೇಕಿರಲಿಲ್ಲ, ಒಮ್ಮೆ ಬಗ್ಗಿ ನೋಡಿದ್ದರೆ ಸಾಕಿತ್ತು.