ದೋಣಿಯಲ್ಲಿ ಗೊರಕೆ

“ಏ ಮನೀಶ್, ಕಣ್ಣು ಮುಚ್ಚು ಮಾರಾಯ! ಯೇಸುಸ್ವಾಮಿ ನಿದ್ದೆ ಮಾಡ್ತಿದ್ದಾರೆ. ನೀನು ಫ್ಯಾನ್ ನೋಡ್ತಾ ಇದ್ದಿ!”

ಸಂಡೇ ಸ್ಕೂಲಿನ ಶೀಲಾವತಿ ಟೀಚರ್ ಕೂಗಿ ಕೂಗಿ ಸುಸ್ತಾಗಿದ್ದರು. ಎರಡು ಬೆಂಚು ಜೋಡಿಸಿ ಮಾಡಿದ ದೋಣಿಯಲ್ಲಿ ಮನೀಶ್ ಮತ್ತೆ ಕಣ್ಣು ಮುಚ್ಚಿದ. ರೆಪ್ಪೆ ಮಾತ್ರ ಪಟಪಟ ಹೊಡೆದುಕೊಳ್ಳುತ್ತಲೇ ಇತ್ತು.

ನಾಟಕದಲ್ಲಿ ಅವನದು ಸುಲಭದ ಪಾರ್ಟು. ಬಿರುಗಾಳಿ ಬಂದಾಗ ಯೇಸು ಮಲಗಿರಬೇಕು. ಶಿಷ್ಯರು ಎಬ್ಬಿಸಿದಾಗ ಎದ್ದು, “ಗಾಳಿಯೇ, ಅಲೆಗಳೇ, ಶಾಂತವಾಗಿರಿ!” ಎನ್ನಬೇಕು. ಅಷ್ಟೇ. ಆದರೆ ಮನೆಯಲ್ಲಿ ಅಜ್ಜಿಯ ಕನ್ನಡ, ಶಾಲೆಯಲ್ಲಿ ಹಿಂದಿ ಇಂಗ್ಲಿಷ್ ಆಡುವ ಹುಡುಗ ಅವನು. ಪುಸ್ತಕದ ಕನ್ನಡ ನಾಲಿಗೆಗೆ ಹತ್ತುತ್ತಿರಲಿಲ್ಲ. ಇಡೀ ಚರ್ಚಿನ ಮುಂದೆ ಮರೆತುಹೋದರೆ?

ವಾರವಿಡೀ ಸರಿಯಾಗಿ ನಿದ್ದೆ ಇಲ್ಲ. ಹಲ್ಲುಜ್ಜುವಾಗಲೂ ಉರು ಹೊಡೆದ. ಲೋಕಲ್ ರೈಲಿನಲ್ಲಿ ಒಮ್ಮೆ ಜೋರಾಗಿಯೇ “ಶಾಂತವಾಗಿರಿ!” ಎಂದುಬಿಟ್ಟ. ಪಕ್ಕದಲ್ಲಿ ಫೋನಿನಲ್ಲಿ ಕೂಗಾಡುತ್ತಿದ್ದ ಉಡುಪಿ ಹೋಟೆಲಿನವರೊಬ್ಬರು “ಸಾರಿ, ಸಾರಿ” ಎಂದು ಫೋನ್ ಜೇಬಿಗಿಟ್ಟರು.

ನಾಟಕದ ದಿನ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

“ಅಜ್ಜೀ, ನಂಗ ಡರ್ ಆಗಾಕತ್ತೈತಿ. ಮರತರ ಹೆಂಗ?”

ಗದಗಿನ ಅಜ್ಜಿ ನಕ್ಕಳು. “ಲೋಕಲ್‌ನ್ಯಾಗ ಪಪ್ಪಾನ ಹೆಗಲ ಮ್ಯಾಲೆ ಮಲಗತೀಯಲ್ಲ, ಸ್ಟೇಷನ್ ಬಂತೇನು ಅಂತ ಕೇಳತೀಯೇನು?”

“ಇಲ್ಲ. ಪಪ್ಪಾ ಎಚ್ಚರ ಇರತಾನಲ್ಲ.”

“ಯೇಸುಸ್ವಾಮಿನೂ ಹಂಗ. ಮ್ಯಾಲೆ ಅಪ್ಪ ಎಚ್ಚರ ಅದಾನ ಅಂತ ಮಲಗಿದ್ದ. ನೀನೂ ಹಂಗ ಮಲಗು,” ಎಂದು ಅಜ್ಜಿ ದೋಣಿಯಲ್ಲಿ ಹಾಸಿಕೊಳ್ಳಲು ತನ್ನ ಕೌದಿಯನ್ನೇ ಕೊಟ್ಟಳು.

ನಾಟಕ ಶುರುವಾಯಿತು. ಕೌದಿಯಲ್ಲಿ ಅಜ್ಜಿಯ ವಾಸನೆ. ‘ಅಪ್ಪಾ, ನೀನು ಎಚ್ಚರ ಇದ್ದೀಯಲ್ಲ’ ಎಂದು ದೇವರಿಗೆ ಮನಸ್ಸಿನಲ್ಲೇ ಹೇಳಿ ಮನೀಶ್ ಕಣ್ಣು ಮುಚ್ಚಿದ. ವಾರದ ನಿದ್ದೆ ಬಾಕಿ ಇತ್ತು ನೋಡಿ, ಹತ್ತಿಯೇಬಿಟ್ಟಿತು.

ಸಂಡೇ ಸ್ಕೂಲಿನ ನಮಿತಾ ನೀಲಿ ಸೀರೆ ಬೀಸಿ ಅಲೆ ಎಬ್ಬಿಸಿದಳು. ಹಿಂದೆ ಯಾರೋ ಡಬ್ಬ ಬಡಿದು ಗುಡುಗಿಸಿದರು. “ಗುರುವೇ, ಮುಳುಗುತ್ತೇವೆ!” ಎಂದು ಶಿಷ್ಯ ಪೇತ್ರನಾಗಿದ್ದ ಅನಿಲ ಕಿರುಚಿದ. ಉತ್ತರವಾಗಿ ಮೈಕಿನಲ್ಲಿ ಗೊರ್‌ರ್ ಎಂದು ಗೊರಕೆ ಕೇಳಿಸಿತು.

“ಅರೇ, ಉಠ್ ನಾ!” ಅನಿಲ ತಾನು ಪೇತ್ರ ಎನ್ನುವುದನ್ನೇ ಮರೆತು, ಏಳು ಎಂದು ಹಿಂದಿಯಲ್ಲೇ ಗದರಿ ಚಿವುಟಿದ.

ಮನೀಶ್ ದಡಕ್ಕನೆ ಎದ್ದು ಕೂತ. “ಸುಮ್ಕಿರ್ರಲೇ! ಯಾಕ ಒದರಾಕತ್ತೀರಿ? ಅಪ್ಪ ಎಚ್ಚರ ಅದಾನಲ್ಲ!”

ಅಲೆ ನಿಂತಿತು. ಡಬ್ಬ ನಿಂತಿತು. ಮೊದಲ ಸಾಲಿನಲ್ಲಿ ಅಳುತ್ತಿದ್ದ ಕೂಸೂ ಬಾಯಿ ಮುಚ್ಚಿತು. ಆಮೇಲೆ ಇಡೀ ಚರ್ಚು ಬಿದ್ದು ಬಿದ್ದು ನಕ್ಕಿತು. ಶೀಲಾವತಿ ಟೀಚರ್ ಹಣೆ ಚಚ್ಚಿಕೊಂಡರು, ಆದರೆ ನಗು ತಡೆಯಲು ಅವರಿಗೂ ಆಗಲಿಲ್ಲ.

ಮನೆಗೆ ಮರಳುವಾಗ ಲೋಕಲ್‌ನಲ್ಲಿ ಮನೀಶ್‌ಗೆ ನಾಳೆಯ ಮ್ಯಾಥ್ಸ್ ಟೆಸ್ಟ್ ನೆನಪಾಯಿತು. ಮತ್ತೆ ಅದೇ ಹೆದರಿಕೆ. ಪಪ್ಪಾನ ಹೆಗಲಿಗೆ ತಲೆ ಇಡಲು ಹೋದರೆ, ಪಪ್ಪಾನೇ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು! ಆಚೆ ಅಜ್ಜಿಯೂ ತೂಕಡಿಸುತ್ತಿದ್ದಳು.

‘ಹಾಗಾದರೆ ಎಚ್ಚರ ಇರೋರು ಯಾರು?’ ಮನೀಶ್‌ಗೆ ಗಾಬರಿಯಾಯಿತು. ಸ್ವಲ್ಪ ಹೊತ್ತು ಪಪ್ಪಾನ ಮುಖವನ್ನೇ ನೋಡಿದ. ಪಪ್ಪಾಗೆ ಆಫೀಸಿನ ಚಿಂತೆ, ಮನೆಯ ಚಿಂತೆ, ಏನೇನೋ ಇದ್ದವು. ಆದರೂ ಎಷ್ಟು ಚೆನ್ನಾಗಿ ಮಲಗಿದ್ದಾರೆ! ಅವರೂ ತಮ್ಮ ಅಪ್ಪನ ಹೆಗಲ ಮೇಲೆಯೇ ಮಲಗಿದ್ದಾರೆ, ಆ ಮೇಲಿನ ಅಪ್ಪನ ಹೆಗಲ ಮೇಲೆ ಎನ್ನಿಸಿತು.

ಕುರ್ಲಾ ಸ್ಟೇಷನ್ನಿನಲ್ಲಿ ಜನ ನುಗ್ಗಿ ಗದ್ದಲ ಎಬ್ಬಿಸಿದರು. ಮನೀಶ್ ಪಪ್ಪಾಗೆ ಒರಗಿ ಕೂತ. ಎದೆ ಹಗುರಾಗಿತ್ತು.

ಇಳಿಯಬೇಕಾದ ಚೆಂಬೂರು ಬಂದಾಗ ಅವನೇ ಇಬ್ಬರನ್ನೂ ಎಬ್ಬಿಸಿದ. ಚಿವುಟಲಿಲ್ಲ, ಮೆಲ್ಲಗೆ ಮುಟ್ಟಿ ಎಬ್ಬಿಸಿದ.